ಲಘುವಿಮಾನದ ವಿದ್ಯುತ್ಕೋಶ: ಅದರ ಸಂಯೋಗ–ವಿಭಾಗಕ್ರಮ

ವೈಶೇಷಿಕರು ಗುಣಗಳನ್ನು ೨೪ ಎಂದು ಎಣಿಸುವಾಗ ಸಂಯೋಗವನ್ನು ಹೇಳಿ, ಅದರ ಮಗ್ಗುಲಲ್ಲಿಯೇ ವಿಭಾಗವನ್ನೂ ಪ್ರತ್ಯೇಕವಾದ ಗುಣವನ್ನಾಗಿ ಹೇಳಿರುವರು. ಎರಡು ವಸ್ತುಗಳು ಕೂಡಿದ್ದರೆ ಸಂಯೋಗ, ಕೂಡದಿದ್ದರೆ ಸಂಯೋಗದ ಅಭಾವ. ಇಷ್ಟರಿಂದಲೇ ವ್ಯವಹಾರವು ನಡೆಯುತ್ತಿರಲು ವಿಭಾಗವೆಂಬ ಮತ್ತೊಂದು ಗುಣವೇತಕ್ಕೆ ಎಂಬ ಆಕ್ಷೇಪವು ಹಳೆಯದು. ವಿಭಾಗವು ಬರಿಯ ಅಭಾವವಲ್ಲ, ಇದ್ದ ಸಂಯೋಗವನ್ನು ನಾಶಮಾಡುವ ಸ್ವತಂತ್ರವಾದ ಗುಣ ಎಂಬುದು ಅದಕ್ಕೆ ಸಮಾಧಾನ. ತರ್ಕಪಾಠವನ್ನು ಕೇಳುವ ವಿದ್ಯಾರ್ಥಿಗೆ ಇದು ಶುಷ್ಕವಾದವೆಂದು ತೋರಬಹುದು. ಆದರೆ ಲಘುವಿಮಾನವೊಂದರಲ್ಲಿ ಬ್ಯಾಟರಿಯನ್ನು ಜೋಡಿಸಿರುವ ಕ್ರಮವನ್ನು ಪರಿಶೀಲಿಸಿದವರಿಗೆ ಈ ಭೇದವು ಕಣ್ಣಿಗೆ ಕಟ್ಟಿದಂತೆ ತಿಳಿಯುವುದು. ಅಲ್ಲಿ ತಂತಿಗೆ ತಂತಿಯನ್ನು ಕೂಡಿಸುವುದು ಸುಲಭವಾದ ಕಾರ್ಯ. ಬೇಕಾದ ಕಾಲದಲ್ಲಿ, ಬೇಕಾದ ಸ್ಥಳದಲ್ಲಿ, ಬೇಕಾದುದನ್ನು ಮಾತ್ರ ಬೇರ್ಪಡಿಸುವ ಏರ್ಪಾಡೇ ನಿಜವಾದ ಶಾಸ್ತ್ರವು.

ದೃಷ್ಟಾಂತಕ್ಕೆ ಒಂದು ವಿಮಾನವನ್ನು ಹಿಡಿದುಕೊಳ್ಳುವುದು ಯುಕ್ತ. ಅಮೆರಿಕದ ಕ್ಯಾನ್ಸಾಸ್ ಪ್ರಾಂತದ ವಿಚಿಟಾ ನಗರದ ಸೆಸ್ನಾ ಕಂಪೆನಿಯವರು ನಿರ್ಮಿಸಿ, ೧೯೫೫ರಲ್ಲಿ ಮೊದಲು ಹಾರಿದ ‘೧೭೨’ ಎಂಬ ನಾಲ್ಕು ಆಸನಗಳ ವಿಮಾನವು, ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿ ನಿರ್ಮಿತವಾದ ವಿಮಾನವೆಂದು ಹೆಸರು ಪಡೆದಿದೆ. ವಿಮಾನವಿದ್ಯೆಯನ್ನು ಕಲಿಯುವವರಲ್ಲಿ ಅನೇಕರಿಗೆ ಇದರಲ್ಲಿಯೇ ಅಕ್ಷರಾಭ್ಯಾಸ. ಮೊದಮೊದಲು ಇದರಲ್ಲಿ ೧೨ ವೋಲ್ಟಿನ ಬ್ಯಾಟರಿಯಿತ್ತು. ೧೯೭೮ರ ಮಾದರಿಯಿಂದ ೨೪ ವೋಲ್ಟಿನದು ಬಂದಿತು. ವೋಲ್ಟು ಇಮ್ಮಡಿಯಾದರೆ ಅದೇ ಕೆಲಸಕ್ಕೆ ಅರ್ಧ ಪ್ರವಾಹವು ಸಾಕು; ಪ್ರವಾಹವು ಕಡಿಮೆಯಾದರೆ ತಂತಿಯು ತೆಳುವಾಗಿರಬಹುದು; ತಂತಿಯು ತೆಳುವಾದರೆ ವಿಮಾನದ ಭಾರವು ಇಳಿಯುವುದು. ಮುಂದಿನ ವಿವರಣೆಯು ಈ ೨೪ ವೋಲ್ಟಿನ ಮಾದರಿಗಳನ್ನು ಅನುಸರಿಸಿದುದು.

೧. ಶಬ್ದವಿಚಾರ

ಬ್ಯಾಟರಿಯ ಎರಡು ತುದಿಗಳನ್ನು ಕನ್ನಡದಲ್ಲಿ ಧನಾಗ್ರ, ಋಣಾಗ್ರ ಎಂದು ಕರೆಯುವುದು ವಾಡಿಕೆ. ಈ ಮಾತುಗಳು ಗಣಿತದಿಂದ ಬಂದವು. ಕ್ರಿ. ಶ. ೬೨೮ರಲ್ಲಿ ಬ್ರಹ್ಮಗುಪ್ತನು ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಕೂಡುವ ರಾಶಿಗೆ ಧನವೆಂದೂ ಕಳೆಯುವ ರಾಶಿಗೆ ಋಣವೆಂದೂ ಹೆಸರಿದೆ. ವಿದ್ಯುತ್ತಿನಲ್ಲಿ ಇಂತಹ ದ್ವಂದ್ವವನ್ನು ಬಳಕೆಗೆ ತಂದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು, ಕಾಲ ೧೭೪೭. ಸಾಲಾಗಿ ನಿಲ್ಲಿಸಿದ ಫಿರಂಗಿಗಳಿಗೆ ಸಲ್ಲುತ್ತಿದ್ದ ‘ಬ್ಯಾಟರಿ’ ಎಂಬ ಸೇನಾಶಬ್ದವನ್ನು ವಿದ್ಯುತ್ಪಾತ್ರೆಗಳ ಸಾಲಿಗೆ ಅನ್ವಯಿಸಿದವನೂ ಆತನೇ. ಆದುದರಿಂದ ಬ್ಯಾಟರಿಯೆಂದರೆ ಒಂದು ಕೋಶವಲ್ಲ, ಕೋಶಗಳ ಪಂಕ್ತಿ ಎಂಬುದು ಶಬ್ದದಿಂದಲೇ ಸಿದ್ಧವಾಗುತ್ತದೆ.

ಪ್ರವಾಹವು ಧನಾಗ್ರದಿಂದ ಹೊರಟು ಋಣಾಗ್ರವನ್ನು ಸೇರುವುದೆಂದು ಹೇಳುವ ರೂಢಿಯೂ ಆ ಕಾಲದ್ದೇ. ೧೮೯೭ರಲ್ಲಿ ಜೆ. ಜೆ. ಥಾಮ್ಸನನು ಇಲೆಕ್ಟ್ರಾನನ್ನು ಕಂಡುಹಿಡಿದ ಬಳಿಕ, ತಂತಿಯೊಳಗೆ ವಾಸ್ತವವಾಗಿ ಚಲಿಸುವ ಕಣಗಳು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಹೋಗುವುವೆಂದು ತಿಳಿದುಬಂದಿತು. ಆದರೂ ರೂಢಿಯು ಬದಲಾಗಲಿಲ್ಲ. ‘ಸೂರ್ಯನು ಮುಳುಗಿದನು’ ಎಂಬ ಮಾತನ್ನು ಜ್ಯೋತಿಷಿಯೂ ಆಡುವಂತೆ, ಇಲ್ಲಿಯೂ ಹಳೆಯ ಮಾತಿನಿಂದಲೇ ಕಾರ್ಯವು ನಿರ್ವಿಘ್ನವಾಗಿ ಸಾಗುತ್ತಿದೆ.

ಮುಂದೆ ಬರುವ ‘ಬಸ್’ ಎಂಬ ಶಬ್ದವನ್ನೂ ಇಲ್ಲಿಯೇ ಬಿಡಿಸಬಹುದು. ಎಲ್ಲ ಶಾಖೆಗಳಿಗೂ ವಿದ್ಯುತ್ತನ್ನು ಹಂಚುವ ಲೋಹದ ಪಟ್ಟಿಗೆ ಈ ಹೆಸರು. ಇದು ಲ್ಯಾಟಿನ್ ಭಾಷೆಯ ‘ಆಮ್ನಿಬಸ್’ ಎಂಬ ಪದದ ಬಾಲ. ಆ ಪದದ ಅರ್ಥ ‘ಸರ್ವರಿಗಾಗಿ’ ಎಂದು; ಬಸ್ ಎಂಬುದು ಅಲ್ಲಿ ಚತುರ್ಥೀ ಬಹುವಚನದ ಪ್ರತ್ಯಯದ ಭಾಗವಷ್ಟೆ. ಪ್ರಕೃತಿಯು ಲೋಪವಾಗಿ ಪ್ರತ್ಯಯವು ಮಾತ್ರ ಉಳಿದು, ಬೀದಿಯ ಬಂಡಿಗೂ ವಿಮಾನದ ಪಟ್ಟಿಗೂ ಸಮಾನವಾಗಿ ಹೆಸರಾಗಿರುವುದು ಶಾಬ್ದಿಕರಿಗೆ ಕುತೂಹಲಕರವಾದ ಸಂಗತಿ.

೨. ಕೋಶದ ಸ್ವರೂಪ

ಸೀಸ ಮತ್ತು ಗಂಧಕಾಮ್ಲಗಳಿಂದಾದ, ಬರಿದಾದ ಬಳಿಕ ಮತ್ತೆ ತುಂಬಬಹುದಾದ ಕೋಶವನ್ನು ೧೮೫೯ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆಯು ನಿರ್ಮಿಸಿದನು. ಲಘುವಿಮಾನಗಳಲ್ಲಿ ಇಂದಿಗೂ ಬಹುಮಟ್ಟಿಗೆ ಆ ವಂಶದ ಬ್ಯಾಟರಿಯೇ ಬಳಕೆಯಲ್ಲಿದೆ. ಒಂದೊಂದು ಕೋಶಕ್ಕೆ ಸುಮಾರು ೨ ವೋಲ್ಟು. ೧೨ ಕೋಶಗಳನ್ನು ಒಂದರ ಧನಕ್ಕೆ ಮತ್ತೊಂದರ ಋಣವು ತಾಗುವಂತೆ ಸಾಲಾಗಿ ಪೋಣಿಸಿದರೆ ೨೪ ವೋಲ್ಟಾಗುವುದು.

ಕೋಶವು ವಿದ್ಯುತ್ತನ್ನು ಕೊಡುವಾಗ ಎರಡು ಬಗೆಯ ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡುವುದು. ಆಮ್ಲವು ವ್ಯಯವಾಗಿ ನೀರು ಹುಟ್ಟುವುದು. ಪೂರಣ ಮಾಡುವಾಗ, ಅಂದರೆ ಚಾರ್ಜು ಮಾಡುವಾಗ, ಈ ಕ್ರಿಯೆಯು ಹಿಮ್ಮುಖವಾಗುವುದು. ಪೂರ್ಣವಾದ ಕೋಶದ ದ್ರವವು ನೀರಿನ ಸುಮಾರು ೧.೨೮ರಷ್ಟು ಸಾಂದ್ರವಾಗಿರುವುದು, ಬರಿದಾದಂತೆ ಅದು ನೀರಿಗೆ ಸಮೀಪಿಸುವುದು. ಬರಿದಾದ ಸ್ಥಿತಿಯಲ್ಲಿಯೇ ಬಹುಕಾಲ ಬಿಟ್ಟರೆ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ, ಮತ್ತೆ ಕರಗದೆ, ಕೋಶವು ತನ್ನ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಳ್ಳುವುದು. ಸಾಲವನ್ನು ತೀರಿಸಲು ತಡಮಾಡಿದಷ್ಟೂ ತೀರಿಸುವ ಶಕ್ತಿಯೇ ಕುಂದುವುದೆಂಬ ಲೋಕಾನುಭವವು ಇಲ್ಲಿಯೂ ಸತ್ಯ.

ತುಂಬಿಸುವ ಒತ್ತಡವು ತುಂಬಿಸಿಕೊಳ್ಳುವ ಕೋಶದ ಒತ್ತಡಕ್ಕಿಂತ ಹೆಚ್ಚಾಗಿರಬೇಕು. ಇಲ್ಲದಿದ್ದರೆ ಪ್ರವಾಹವು ಒಳಕ್ಕೆ ಹೋಗಲಾರದು. ಆದಕಾರಣ ೨೪ ವೋಲ್ಟಿನ ಬ್ಯಾಟರಿಯುಳ್ಳ ವಿಮಾನಕ್ಕೆ ೨೮ ವೋಲ್ಟಿನ ವ್ಯವಸ್ಥೆಯೆಂದೂ, ೧೨ ವೋಲ್ಟಿನದಕ್ಕೆ ೧೪ ವೋಲ್ಟಿನ ವ್ಯವಸ್ಥೆಯೆಂದೂ ಹೆಸರು. ಮೊದಲನೆಯ ಸಂಖ್ಯೆಯು ಕೋಶದ್ದು, ಎರಡನೆಯದು ಪೂರಣದ್ದು. ಇದನ್ನರಿಯದವರು ಎರಡೂ ಬೇರೆ ಬೇರೆ ವ್ಯವಸ್ಥೆಗಳೆಂದು ಭ್ರಮಿಸುವುದುಂಟು.

೩. ಜೋಡಣೆಯ ಕ್ರಮ

ಬ್ಯಾಟರಿಯನ್ನು ಎಂಜಿನಿಗೂ ಆಸನಗಳಿಗೂ ನಡುವೆ ಬೆಂಕಿಯನ್ನು ತಡೆಯಲೆಂದು ನಿಲ್ಲಿಸಿದ ಲೋಹದ ಗೋಡೆಯ ಮುಂಭಾಗದಲ್ಲಿ ಇಟ್ಟಿರುತ್ತಾರೆ. ಅದರ ಋಣಾಗ್ರದಿಂದ ಹೊರಟ ದಪ್ಪ ತಂತಿಯು ವಿಮಾನದ ಒಡಲಿಗೇ ಬಿಗಿಯಲ್ಪಟ್ಟಿದೆ. ಇದರಿಂದ ಅಲ್ಯೂಮಿನಿಯಂ ಒಡಲೆಲ್ಲವೂ ಋಣಾಗ್ರದ ವಿಸ್ತಾರವೇ ಆಗುತ್ತದೆ. ದೀಪಕ್ಕಾಗಲಿ ರೇಡಿಯೋವಿಗಾಗಲಿ ಹೋಗುವ ತಂತಿ ಒಂದು. ಮರಳುವ ದಾರಿ ಒಡಲು. ಹೀಗೆ ಅರ್ಧದಷ್ಟು ತಂತಿಯು ಉಳಿಯುವುದು. ಆದರೆ ಈ ಲಾಭದ ಬೆನ್ನಿಗೇ ಅಪಾಯವೂ ಇದೆ. ಧನದ ತಂತಿಯ ಹೊದಿಕೆಯು ಎಲ್ಲಿಯಾದರೂ ಸವೆದು ಒಡಲಿಗೆ ತಾಗಿತೆಂದರೆ ಮಂಡಲವು ಅಲ್ಲಿಯೇ ಪೂರ್ಣವಾಗಿ, ಮಿತಿಯಿಲ್ಲದ ಪ್ರವಾಹವು ನುಗ್ಗಿ, ತಂತಿಯು ಕಾದು ಕೆಂಪಾಗುವುದು.

ಈ ಕಾರಣದಿಂದಲೇ ಧನಾಗ್ರದ ದಪ್ಪ ತಂತಿಯನ್ನು ದೂರಕ್ಕೆ ಒಯ್ಯುವುದಿಲ್ಲ. ಬ್ಯಾಟರಿಯ ಪಕ್ಕದಲ್ಲಿಯೇ ಕಾಂಟ್ಯಾಕ್ಟರೆಂಬ ಸಾಧನವಿದೆ. ಇದು ವಿದ್ಯುದಯಸ್ಕಾಂತದಿಂದ ಮುಚ್ಚಿಕೊಳ್ಳುವ ಒಂದು ದ್ವಾರ. ಇದರ ಸುರುಳಿಯ ಒಂದು ತುದಿಯು ಬ್ಯಾಟರಿಯ ಧನಕ್ಕೆ ಸೇರಿದೆ. ಮತ್ತೊಂದು ತುದಿಯಿಂದ ತೆಳುವಾದ ತಂತಿಯು ಚಾಲಕನ ಮುಂದಿರುವ ಮಾಸ್ಟರ್ ಸ್ವಿಚ್ಚಿಗೆ ಬಂದು, ಅದರ ಮೂಲಕ ಒಡಲನ್ನು ಸೇರುವುದು. ಚಾಲಕನು ಸ್ವಿಚ್ಚನ್ನು ಒತ್ತಿದಾಗ ಅವನ ಬೆರಳಿನ ಬಳಿ ಹರಿಯುವುದು ಅಲ್ಪ ಪ್ರವಾಹ. ಎಂಜಿನನ್ನು ತಿರುಗಿಸಿ ಹೊರಡಿಸುವ ನೂರಾರು ಆಂಪಿಯರುಗಳ ಮಹಾಪ್ರವಾಹವು ಗೋಡೆಯ ಆಚೆಯೇ ಉಳಿಯುವುದು. ಆ ತೆಳುತಂತಿಯು ಸವೆದು ಒಡಲಿಗೆ ತಾಗಿದರೂ ದಾರಿಯಲ್ಲಿ ಸುರುಳಿಯು ಅಡ್ಡವಿರುವುದರಿಂದ ಪ್ರವಾಹವು ಹೆಚ್ಚಲಾರದು. ದ್ವಾರವು ತೆರೆಯದೆ ನಿಲ್ಲುವುದಷ್ಟೆ. ತಂತಿಯು ತುಂಡಾದರೆ ದ್ವಾರವು ತಾನಾಗಿ ತೆರೆದು ಬ್ಯಾಟರಿಯು ಬೇರ್ಪಡುವುದು.

ವಿಮಾನದ ವಿದ್ಯುನ್ಮೂಲಗಳನ್ನು ಕೂಡಲೇ ಬೇರ್ಪಡಿಸಲು ಮಾಸ್ಟರ್ ಸ್ವಿಚ್ಚಿನ ಏರ್ಪಾಡಿರಬೇಕೆಂಬುದೂ, ಬೇರ್ಪಡುವ ಸ್ಥಾನವು ಮೂಲದ ಸಮೀಪದಲ್ಲಿಯೇ ಇರಬೇಕೆಂಬುದೂ ಅಮೆರಿಕದ ಲಘುವಿಮಾನ ನಿಯಮಗಳಲ್ಲಿ ೨೦೧೭ರವರೆಗೆ ವಿಧಿರೂಪವಾಗಿ ಇದ್ದುವು. ನದಿಯನ್ನು ತಡೆಯುವುದಾದರೆ ಊರುಗಳನ್ನು ದಾಟಿದ ಮೇಲೆ ತಡೆದು ಪ್ರಯೋಜನವಿಲ್ಲ, ಉಗಮದಲ್ಲಿ ತಡೆಯಬೇಕು. ಈ ಉತ್ಸರ್ಗಕ್ಕೆ ಅಪವಾದಗಳೂ ಇವೆ. ಸ್ವಿಚ್ಚು ಆರಿದ್ದರೂ ಗಡಿಯಾರವು ನಡೆಯಬೇಕಾದುದರಿಂದ ಅದರ ತಂತಿಯು ಕಾಂಟ್ಯಾಕ್ಟರಿಗಿಂತ ಮೊದಲೇ ಕವಲೊಡೆದು ಹೊರಡುವುದು. ಆದರೆ ಅದಕ್ಕೆ ಬ್ಯಾಟರಿಯ ಬಳಿಯಲ್ಲಿಯೇ ಒಂದು ಫ್ಯೂಸನ್ನು ಕೂರಿಸಿದ್ದಾರೆ. ಅಪವಾದವಾದರೂ ಕಾವಲಿಲ್ಲದೆ ಹೊರಗೆ ಬಿಟ್ಟಿಲ್ಲ.

ಕಾಂಟ್ಯಾಕ್ಟರನ್ನು ದಾಟಿದ ಬಳಿಕ ಒಂದು ದಾರಿಯು ಎಂಜಿನನ್ನು ತಿರುಗಿಸುವ ಸ್ಟಾರ್ಟರಿಗೂ ಮತ್ತೊಂದು ದಾರಿಯು ಬಸ್ ಪಟ್ಟಿಗೂ ಹೋಗುವುವು. ಪಟ್ಟಿಯಿಂದ ಹೊರಡುವ ಒಂದೊಂದು ಶಾಖೆಗೂ ಸರ್ಕಿಟ್ ಬ್ರೇಕರೆಂಬ ಗುಂಡಿಯಿದೆ. ಪ್ರವಾಹವು ಮಿತಿಮೀರಿದರೆ ಗುಂಡಿಯು ಹೊರಕ್ಕೆ ಜಿಗಿದು ಶಾಖೆಯನ್ನು ಕಡಿಯುವುದು. ಈ ಗುಂಡಿಯು ರಕ್ಷಿಸುವುದು ಉಪಕರಣವನ್ನಲ್ಲ, ತಂತಿಯನ್ನು ಎಂಬುದು ಮುಖ್ಯವಾದ ವಿಷಯ. ಉಪಕರಣವು ಕೆಟ್ಟರೆ ಒಂದು ಸೌಕರ್ಯವು ಹೋಗುವುದು. ತಂತಿಯು ಹತ್ತಿಕೊಂಡರೆ ವಿಮಾನವೇ ಹೋಗುವುದು. ರೇಡಿಯೋ ಮೊದಲಾದ ಸೂಕ್ಷ್ಮಯಂತ್ರಗಳಿಗೆ ಬೇರೆಯಾದ ಪಟ್ಟಿಯನ್ನೂ ಅದಕ್ಕೆ ಪ್ರತ್ಯೇಕವಾದ ಸ್ವಿಚ್ಚನ್ನೂ ಇಟ್ಟಿದ್ದಾರೆ. ಎಂಜಿನು ಹೊರಡುವಾಗ ಉಂಟಾಗುವ ವೋಲ್ಟಿನ ಏರಿಳಿತಗಳು ಅವುಗಳಿಗೆ ತಾಗಬಾರದೆಂಬುದು ಉದ್ದೇಶ.

೪. ಪೂರಣ ಮತ್ತು ಅನ್ಯೋನ್ಯಾಶ್ರಯ

ಹಾರಾಟದಲ್ಲಿ ಬ್ಯಾಟರಿಯನ್ನು ತುಂಬಿಸುವುದು ಎಂಜಿನಿನಿಂದ ತಿರುಗುವ ೬೦ ಆಂಪಿಯರಿನ ಆಲ್ಟರ್ನೇಟರು. ಇದರೊಳಗೆ ಇರುವುದು ಶಾಶ್ವತವಾದ ಅಯಸ್ಕಾಂತವಲ್ಲ. ಹೊರಗಿನಿಂದ ಅಲ್ಪ ಪ್ರವಾಹವನ್ನು ಊಡಿದಾಗ ಮಾತ್ರ ಅಯಸ್ಕಾಂತವಾಗುವ ಸುರುಳಿ. ಆ ಅಲ್ಪ ಪ್ರವಾಹವು ಮೊದಲು ಬರಬೇಕಾದುದು ಬ್ಯಾಟರಿಯಿಂದ. ಆಲ್ಟರ್ನೇಟರಿಲ್ಲದೆ ಬ್ಯಾಟರಿಯು ತುಂಬದು. ಬ್ಯಾಟರಿಯಿಲ್ಲದೆ ಆಲ್ಟರ್ನೇಟರು ಹೊರಡದು. ನೈಯಾಯಿಕರು ಯಾವುದನ್ನು ಅನ್ಯೋನ್ಯಾಶ್ರಯವೆಂಬ ದೋಷವಾಗಿ ಎಣಿಸಿದರೋ ಅದೇ ಇಲ್ಲಿ ವ್ಯವಸ್ಥೆಯ ಸ್ವರೂಪವಾಗಿದೆ.

ಮಾಸ್ಟರ್ ಸ್ವಿಚ್ಚನ್ನು ಎರಡು ಹೋಳಾಗಿ ಮಾಡಿರುವುದು ಇದಕ್ಕಾಗಿಯೇ. ಬಲಹೋಳು ಬ್ಯಾಟರಿಯದು, ಎಡಹೋಳು ಆಲ್ಟರ್ನೇಟರಿನದು. ಎಡಹೋಳನ್ನು ಮಾತ್ರ ಆರಿಸಿ ಆಲ್ಟರ್ನೇಟರನ್ನು ಬೇರ್ಪಡಿಸಬಹುದು. ಆಗ ಎಲ್ಲ ಭಾರವೂ ಬ್ಯಾಟರಿಯ ಮೇಲೆ ಬೀಳುವುದು. ಹಾಗೆಯೇ ಬಹುಕಾಲ ಹಾರಿದರೆ ಬ್ಯಾಟರಿಯು ಕುಗ್ಗಿ, ತನ್ನ ಕಾಂಟ್ಯಾಕ್ಟರನ್ನು ಹಿಡಿದಿಡಲಾರದೆ, ದ್ವಾರವು ತೆರೆದುಹೋಗುವುದು. ಕ್ಷೇತ್ರಪ್ರವಾಹವೂ ಅದರೊಡನೆ ನಿಂತು, ಆಲ್ಟರ್ನೇಟರನ್ನು ಮರಳಿ ಎಬ್ಬಿಸುವ ಉಪಾಯವೇ ಇಲ್ಲದಾಗುವುದು. ಬೇರ್ಪಡಿಸುವುದಕ್ಕೂ ಕಾಲಮಿತಿಯಿದೆ ಎಂಬುದನ್ನು ಚಾಲಕರ ಕೈಪಿಡಿಯು ಸ್ಪಷ್ಟವಾಗಿ ಎಚ್ಚರಿಸುತ್ತದೆ.

ಆಲ್ಟರ್ನೇಟರಿನ ವೋಲ್ಟು ಕೆಟ್ಟು ಸುಮಾರು ೩೧.೫ಕ್ಕೆ ಏರಿದರೆ, ನಿಯಂತ್ರಕವು ಕ್ಷೇತ್ರಪ್ರವಾಹವನ್ನು ತಾನೇ ಕಡಿದು ಅದನ್ನು ನಿಲ್ಲಿಸುವುದು. ಆ ಮೇಲೆ ವೋಲ್ಟು ಇಳಿದುದನ್ನು ತಿಳಿಸಲು ಚಾಲಕನೆದುರಿಗೆ ಕೆಂಪುದೀಪವು ಹತ್ತುವುದು. ಮಿತಿಮೀರಿದ ಪೂರಣವು ಬ್ಯಾಟರಿಯ ದ್ರವವನ್ನು ಕುದಿಸಿ ಉಪಕರಣಗಳನ್ನು ಸುಡುವುದರಿಂದ, ಇಲ್ಲಿ ಅತಿಪೂರಣಕ್ಕಿಂತ ಅಪೂರಣವೇ ಲೇಸೆಂದು ನಿರ್ಣಯಿಸಿದ್ದಾರೆ.

ನೆಲದ ಮೇಲೆ ನಿಂತಾಗ ಬ್ಯಾಟರಿಯು ಪೂರ್ತಿಯಾಗಿ ಬರಿದಾಗಿದ್ದರೆ ಏನು ಗತಿ? ಹೊರಗಿನ ವಿದ್ಯುತ್ತನ್ನು ತಂದು ಚುಚ್ಚಲು ವಿಮಾನದ ಮೈಯಲ್ಲಿ ಒಂದು ಮುಖವಿದೆ. ಧನ–ಋಣಗಳನ್ನು ಅದಲುಬದಲು ಮಾಡಿ ಚುಚ್ಚಿದರೆ ಪ್ರವಾಹವು ಒಳಗೆ ಬಾರದಂತೆ ಅಲ್ಲಿ ತಡೆಯನ್ನಿಟ್ಟಿದ್ದಾರೆ. ಸರಿಯಾಗಿ ಚುಚ್ಚಿದರೂ ಹೊರಗಿನ ವಿದ್ಯುತ್ತು ಬ್ಯಾಟರಿಯನ್ನು ಮುಟ್ಟಬೇಕಾದರೆ ಕಾಂಟ್ಯಾಕ್ಟರು ಮುಚ್ಚಬೇಕು. ಅದನ್ನು ಮುಚ್ಚುವ ಶಕ್ತಿಯು ಬರಿದಾದ ಬ್ಯಾಟರಿಗಿಲ್ಲ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದಂತಾಯಿತು. ಇದರ ಪರಿಹಾರಕ್ಕಾಗಿ ಹೊರಗಿನ ಮುಖದಿಂದ ಸುರುಳಿಗೆ ಫ್ಯೂಸಿನ ಮೂಲಕ ಒಂದು ಸಣ್ಣ ಒಳದಾರಿಯನ್ನು ಎಳೆದಿದ್ದಾರೆ. ಅನ್ಯೋನ್ಯಾಶ್ರಯವನ್ನು ಬಿಡಿಸಲು ಮೂರನೆಯ ಆಶ್ರಯವೊಂದು ಬೇಕೆಂಬ ನ್ಯಾಯವು ಆ ತೆಳುವಾದ ತಂತಿಯಲ್ಲಿ ಮೂರ್ತವಾಗಿದೆ.

೫. ಕಳಚುವ ಕ್ರಮ

ಬ್ಯಾಟರಿಯನ್ನು ಹೊರತೆಗೆಯುವಾಗ ಮೊದಲು ಋಣವನ್ನು ಕಳಚಬೇಕು, ಮರಳಿ ಕೂರಿಸುವಾಗ ಕೊನೆಯಲ್ಲಿ ಋಣವನ್ನು ಕಟ್ಟಬೇಕು ಎಂಬುದು ಕುಶಲರ ಸಂಪ್ರದಾಯ. ಇದಕ್ಕೆ ಹೇತುವುಂಟು. ಒಡಲೆಲ್ಲವೂ ಋಣವೇ ಆಗಿರುವಾಗ ಧನದ ತಿರುಪನ್ನು ಬಿಚ್ಚಹೋದರೆ, ಕೈಯಲ್ಲಿರುವ ಸ್ಪ್ಯಾನರು ಒಂದಿಷ್ಟು ಜಾರಿ ಒಡಲಿಗೆ ತಾಗಿದರೂ ಬ್ಯಾಟರಿಯ ಶಕ್ತಿಯೆಲ್ಲವೂ ಆ ಉಪಕರಣದಲ್ಲಿ ಹರಿದು ಕಿಡಿಯೇಳುವುದು. ಮೊದಲು ಋಣವನ್ನು ಕಳಚಿದ್ದರೆ ಒಡಲಿಗೂ ಕೋಶಕ್ಕೂ ಸಂಬಂಧವೇ ತಪ್ಪಿರುವುದರಿಂದ ಸ್ಪ್ಯಾನರು ಎಲ್ಲಿ ತಾಗಿದರೂ ಬಾಧಕವಿಲ್ಲ. ಪೂರಣದ ಅಂತ್ಯಭಾಗದಲ್ಲಿ ಕೋಶಗಳಿಂದ ಜಲಜನಕವು ಹೊರಡುವುದು. ಗಾಳಿಯಲ್ಲಿ ಅದು ೧೦೦ಕ್ಕೆ ೪ರಷ್ಟಾದರೆ ಒಂದು ಕಿಡಿಗೇ ಹತ್ತಿಕೊಳ್ಳುವುದು. ಆದಕಾರಣ ಗಾಳಿಯಾಡುವ ಸ್ಥಳದಲ್ಲಿಯೇ ಚಾರ್ಜು ಮಾಡಬೇಕು. ಚಾರ್ಜರನ್ನು ಆರಿಸಿದ ಬಳಿಕವೇ ಅದರ ತುದಿಗಳನ್ನು ಕಟ್ಟಬೇಕು, ಬಿಚ್ಚಬೇಕು.

೬. ವಿಭಾಗದಲ್ಲಿ ಉಂಟಾದ ಎರಡು ಪ್ರಮಾದಗಳು

ಈ ವಿಷಯದಲ್ಲಿ ಪ್ರಾಣಗಳೇ ಪಣವಾಗಿವೆ ಎಂಬುದಕ್ಕೆ ಅಮೆರಿಕದಲ್ಲಿ ನಡೆದ ಎರಡು ದುರ್ಘಟನೆಗಳು ನಿದರ್ಶನ.

ಮೊದಲನೆಯದು ೧೯೮೩ರ ಅಕ್ಟೋಬರ್ ೧೧ರ ರಾತ್ರಿ ಇಲಿನಾಯ್ ಪ್ರಾಂತದಲ್ಲಿ ನಡೆದುದು. ಆ ವಿಮಾನವು ಲಘುವಿಮಾನವಲ್ಲದೆ ಎರಡು ಎಂಜಿನುಗಳ ಪ್ರಯಾಣಿಕವಿಮಾನವಾದರೂ ತತ್ತ್ವವು ಒಂದೇ. ಸ್ಪ್ರಿಂಗ್‌ಫೀಲ್ಡಿನಿಂದ ಕಾರ್ಬನ್‌ಡೇಲಿಗೆ ಹೊರಟ ಸ್ವಲ್ಪಹೊತ್ತಿನಲ್ಲಿಯೇ ಎಡಗಡೆಯ ಜನರೇಟರು ಕೆಟ್ಟಿತು. ಸಹಚಾಲಕನು ಕೆಟ್ಟುದನ್ನು ಬೇರ್ಪಡಿಸುವ ಬದಲು ಒಳ್ಳೆಯದಾಗಿದ್ದ ಬಲಗಡೆಯದನ್ನು ಬೇರ್ಪಡಿಸಿದನು. ಅದು ಮರಳಿ ಕೂಡಲಿಲ್ಲ. ಹೊರಟ ನಿಲ್ದಾಣವು ಹತ್ತಿರದಲ್ಲಿಯೇ ಇದ್ದರೂ ಹಿಂದಿರುಗದೆ, ಮೋಡಗಳ ನಡುವೆ, ಬ್ಯಾಟರಿಯನ್ನೇ ನಂಬಿ ಮುಂದುವರಿದರು. ಸುಮಾರು ಅರ್ಧ ಗಂಟೆಯಲ್ಲಿ ಬ್ಯಾಟರಿಯು ಬರಿದಾಗಿ, ದಿಕ್ಕು ತೋರುವ ಉಪಕರಣಗಳು ಆರಿ, ವಿಮಾನವು ಪಿಂಕ್ನಿವಿಲ್ಲಿನ ಬಳಿ ಬಿದ್ದು ೧೦ ಮಂದಿಯೂ ಮೃತರಾದರು.

ಎರಡನೆಯದು ೨೦೦೭ರ ಜುಲೈ ೧೦ರಂದು ಫ್ಲಾರಿಡಾ ಪ್ರಾಂತದ ಸ್ಯಾನ್‌ಫರ್ಡಿನಲ್ಲಿ ಸೆಸ್ನಾ ೩೧೦ ಎಂಬ ಚಿಕ್ಕ ವಿಮಾನಕ್ಕೆ ಆದುದು. ಹಿಂದಿನ ದಿನ ಅದನ್ನು ನಡೆಸಿದ ಚಾಲಕನು ಸುಟ್ಟ ವಾಸನೆಯನ್ನು ಗಮನಿಸಿ, ಹವಾಮಾನದ ರೇಡಾರಿನ ಸರ್ಕಿಟ್ ಬ್ರೇಕರನ್ನು ಎಳೆದನು, ವಾಸನೆಯು ನಿಂತಿತು. ಆತನು ಅದನ್ನು ದೋಷಗಳ ದಾಖಲೆಯಲ್ಲಿ ಬರೆದಿಟ್ಟನು. ರಿಪೇರಿ ನಡೆಯಲಿಲ್ಲ; ಮರುದಿನ ವಿಮಾನವನ್ನು ಹಾರಾಟಕ್ಕೆ ಬಿಟ್ಟರು. ಆ ಗುಂಡಿಯನ್ನು ಯಾರೋ ಮರಳಿ ಒಳಕ್ಕೆ ಒತ್ತಿರುವುದು ಸಂಭವನೀಯವೆಂದು ತನಿಖೆಯವರು ಕಂಡುಕೊಂಡರು. ಆಕಾಶದಲ್ಲಿಯೇ ಬೆಂಕಿಯೆದ್ದು ವಿಮಾನವು ಮನೆಗಳ ಮೇಲೆ ಬಿದ್ದಿತು. ಅದರಲ್ಲಿದ್ದ ಇಬ್ಬರೂ ನೆಲದ ಮೇಲಿದ್ದ ಮೂವರೂ ಸತ್ತರು.

ಮೊದಲನೆಯ ಕಡೆ ಬೇರ್ಪಡಿಸಬಾರದುದನ್ನು ಬೇರ್ಪಡಿಸಿದರು; ಎರಡನೆಯ ಕಡೆ ಬೇರ್ಪಡಿಸಿದ್ದುದನ್ನು ಕೂಡಿಸಿದರು. ಎರಡು ಕಡೆಯೂ ಸಾಧನಗಳು ಇದ್ದವು. ಯಾವುದನ್ನು ಏತಕ್ಕಾಗಿ ಬೇರ್ಪಡಿಸಬೇಕೆಂಬ ವಿವೇಕವು ಇರಲಿಲ್ಲ. ಜಿಗಿದ ಗುಂಡಿಯು ಒಂದು ವಾಕ್ಯದಂತೆ. ಅದರ ಅರ್ಥವನ್ನು ವಿಚಾರಿಸದೆ ಒಳಕ್ಕೆ ತಳ್ಳುವುದು, ಹೇಳುವವನ ಬಾಯನ್ನು ಮುಚ್ಚಿದಂತೆ.

೭. ಎಂಜಿನಿನ ಸ್ವಾತಂತ್ರ್ಯ

ಇಷ್ಟೆಲ್ಲ ಬೇರ್ಪಡಿಸಿದರೆ ಎಂಜಿನು ನಿಲ್ಲದೆ ಎಂಬ ಸಂದೇಹವು ಸಹಜ. ಸೆಸ್ನಾ ೧೭೨ರಂತಹ ವಿಮಾನಗಳಲ್ಲಿ ನಿಲ್ಲುವುದಿಲ್ಲ. ಅಲ್ಲಿ ಕಿಡಿಯನ್ನು ಕೊಡುವುದು ಎಂಜಿನಿನಿಂದಲೇ ತಿರುಗುವ, ಶಾಶ್ವತವಾದ ಅಯಸ್ಕಾಂತಗಳುಳ್ಳ ಎರಡು ಮ್ಯಾಗ್ನೆಟೋಗಳು. ಅವಕ್ಕೂ ಬ್ಯಾಟರಿಗೂ ಸಂಬಂಧವಿಲ್ಲ. ಅವುಗಳನ್ನು ನಿಲ್ಲಿಸುವ ರೀತಿಯು ಬ್ಯಾಟರಿಯದಕ್ಕೆ ತೀರ ವಿಪರೀತ: ಮ್ಯಾಗ್ನೆಟೋವಿನ ತಂತಿಯನ್ನು ಒಡಲಿಗೆ ಕೂಡಿಸಿದರೆ ಅದು ನಿಲ್ಲುವುದು, ಕಡಿದರೆ ನಡೆಯುವುದು. ಆದುದರಿಂದ ಆಕಾಶದಲ್ಲಿ ಆ ತಂತಿಯು ತುಂಡಾದರೂ ಎಂಜಿನು ಸಾಗುತ್ತಲೇ ಇರುವುದು. ಬ್ಯಾಟರಿಯಲ್ಲಿ ತಂತಿಯು ಕಡಿದರೆ ವಿಭಾಗ, ಮ್ಯಾಗ್ನೆಟೋವಿನಲ್ಲಿ ತಂತಿಯು ಕಡಿದರೆ ಕಾರ್ಯದ ಮುಂದುವರಿಕೆ. ಎರಡು ಕಡೆಯೂ ಕೆಡುವುದಾದರೆ ಯಾವ ಕಡೆಗೆ ಕೆಟ್ಟರೆ ಹಾರುವವರು ಬದುಕುವರೆಂಬುದನ್ನು ಮೊದಲೇ ಯೋಚಿಸಿ ಆರಿಸಿದ್ದಾರೆ. ನೆಲದ ಮೇಲೆ ಮಾತ್ರ ಈ ಗುಣವೇ ದೋಷವಾಗಬಹುದು: ತಂತಿಯು ತುಂಡಾದ ಎಂಜಿನಿನ ಪ್ರೊಪೆಲರನ್ನು ಕೈಯಿಂದ ತಿರುಗಿಸಿದರೆ ಅದು ಅಕಸ್ಮಾತ್ತಾಗಿ ಹೊರಟುಬಿಡುವ ಭಯವುಂಟು.

ಈಚೆಗೆ ಈ ಸ್ವಾತಂತ್ರ್ಯವು ಕಡಿಮೆಯಾಗುತ್ತ ಬಂದಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ರಚಿಸಿ ೧೯೯೩ರಲ್ಲಿ ಮೊದಲು ಹಾರಿಸಿದ ‘ಹಂಸ’ ಎಂಬ ಶಿಕ್ಷಣವಿಮಾನದ ಹೊಸ ರೂಪವು ೨೦೨೧ರಲ್ಲಿ ಹಾರಿತು. ಇದರ ಒಡಲು ಲೋಹದ್ದಲ್ಲ, ನಾರು ಮತ್ತು ಅಂಟುಗಳ ಮಿಶ್ರಣದ್ದು. ಇಂತಹ ಒಡಲು ಪ್ರವಾಹಕ್ಕೆ ಮರಳುವ ದಾರಿಯಾಗಲಾರದು. ಮರಳುವುದಕ್ಕೂ ತಂತಿಯನ್ನೇ ಎಳೆಯಬೇಕು. ಅದರ ರೋಟಾಕ್ಸ್ ೯೧೨ ಐ.ಎಸ್. ಎಂಜಿನಿನಲ್ಲಿ ಇಂಧನವನ್ನು ಸಿಂಪಡಿಸುವುದನ್ನೂ ಕಿಡಿಯನ್ನೂ ವಿದ್ಯುತ್ತಿನಿಂದ ನಡೆಯುವ ಗಣಕವು ಆಳುತ್ತದೆ. ವಿದ್ಯುತ್ತು ಪೂರ್ತಿಯಾಗಿ ನಿಂತರೆ ಎಂಜಿನೂ ನಿಲ್ಲುವುದು. ಅದಕ್ಕಾಗಿ ಆ ಎಂಜಿನಿಗೆ ಪರಸ್ಪರ ಸ್ವತಂತ್ರವಾದ ಎರಡು ಜನರೇಟರುಗಳನ್ನು ಕೊಟ್ಟಿದ್ದಾರೆ. ಒಂದು ಎಂಜಿನಿನ ಗಣಕಕ್ಕೆ, ಮತ್ತೊಂದು ವಿಮಾನದ ಇತರ ಕೆಲಸಗಳಿಗೂ ಬ್ಯಾಟರಿಯ ಪೂರಣಕ್ಕೂ ಮೀಸಲು. ಮೊದಲನೆಯದು ಕೆಟ್ಟರೆ ಎರಡನೆಯದು ತನ್ನ ಕೆಲಸವನ್ನು ಬಿಟ್ಟು ಗಣಕವನ್ನು ಪೋಷಿಸುವುದು. ವಿಮಾನದ ಉಳಿದ ಭಾಗವು ಬ್ಯಾಟರಿಯನ್ನು ಆಶ್ರಯಿಸುವುದು. ಎರಡೂ ಕೆಟ್ಟರೆ ಚಾಲಕನು ಒಂದು ಸ್ವಿಚ್ಚಿನಿಂದ ಬ್ಯಾಟರಿಯನ್ನೇ ಗಣಕಕ್ಕೆ ಕೂಡಿಸಬಹುದು.

ಹಳೆಯ ಎಂಜಿನಿನಲ್ಲಿ ಬ್ಯಾಟರಿಯನ್ನು ತ್ಯಜಿಸುವುದು ಅಂತಿಮ ರಕ್ಷೆಯಾಗಿದ್ದರೆ, ಹೊಸದರಲ್ಲಿ ಬ್ಯಾಟರಿಯೇ ಅಂತಿಮ ರಕ್ಷೆ. ವಿಧಿಗಳು ಹೀಗೆ ಅದಲುಬದಲಾದರೂ ಅವುಗಳನ್ನು ಹುಟ್ಟಿಸಿದ ಪ್ರಶ್ನೆಯು ಬದಲಾಗಿಲ್ಲ: ಇದನ್ನು ಇಲ್ಲಿ ಕಡಿದರೆ ಉಳಿಯುವುದೇನು? ಈ ಪ್ರಶ್ನೆಗೆ ಉತ್ತರವನ್ನು ನೆಲದ ಮೇಲೆಯೇ ಕಂಡುಕೊಂಡು ತಂತಿಯನ್ನು ಎಳೆದವನೇ ಜೋಡಣೆಯನ್ನು ಬಲ್ಲವನು. ವಿಭಾಗವು ಅಭಾವವಲ್ಲವೆಂದು ಸಾಧಿಸಿದ ಪ್ರಾಚೀನರ ವಾದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ನಿದರ್ಶನವು ದೊರೆಯುವುದು ದುರ್ಲಭ.